ಆನೆಗೆ ಎಷ್ಟು ಡ್ರೋನ್ ಬೇಕು?

ನಮ್ಮ ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಿ ಮೂರು ದಿನ ನಡೆದ ಜಗಳ ಇದು. ಆಕಾಶದಲ್ಲಿ ಒಂದು ಆನೆ ಬಿಡಿಸೋಕೆ ಎಷ್ಟು ಡ್ರೋನ್ ಬೇಕು?

ರಾಜ್ಯೋತ್ಸವಕ್ಕೆ ಗುಬ್ಬಿ ಕಂಪನಿಯ 'ಕುರುಕ್ಷೇತ್ರ' ನಾಟಕದ ನೆನಪಲ್ಲಿ ಒಂದು ಡ್ರೋನ್ ಬೆಳಕಿನ ಪ್ರದರ್ಶನ ಮಾಡೋಣ ಅಂತ ಶುರುವಾಗಿದ್ದು. 2024ರ ದಸರಾದಲ್ಲಿ ಬನ್ನಿಮಂಟಪದ ಮೇಲೆ 1,500 ಡ್ರೋನ್ ಹಾರಿದ್ದನ್ನ ನೋಡಿ ಬಂದವರು ನಮ್ಮಲ್ಲಿದ್ದಾರೆ. ಅವರ ಆಸೆ ದೊಡ್ಡದು. ನಮ್ಮ ಕೈಗೆ ಸಿಗೋದು ಸಾಲ ತಂದದ್ದೂ ಸೇರಿ 24. ಗಾಳಿಗೆ ಒಂದಕ್ಕೊಂದು ತಾಗದೇ ಇರಲಿ ಅಂತ ನಡುವೆ ಎರಡು ಮೀಟರ್ ಬಿಟ್ಟುಕೊಂಡಿದ್ದೇವೆ. ಕಾಲು, ಸೊಂಡಿಲು ಎಲ್ಲ ಸೇರಿ ಆನೆಯ ಹೊರಗೆರೆ 120 ಮೀಟರ್ ಆದರೆ 60 ಡ್ರೋನ್ ಬೇಕು. 24ರಲ್ಲೇ ಮುಗಿಸೋಣ ಅಂತ ಬ್ಲೆಂಡರ್‌ನಲ್ಲಿ ಚುಕ್ಕಿ ಇಟ್ಟು ನೋಡಿದರೆ ಯುದ್ಧದ ಆನೆಯ ಬದಲು ನಮ್ಮೂರ ಎಮ್ಮೆ ಕಾಣಿಸ್ತು.

ನಮ್ಮೂರು ಜಗಳೂರು ತಾಲ್ಲೂಕಿನ ಬಿಳಿಚೋಡು. ನಮ್ಮ ಕಡೆ ಕುರುಕ್ಷೇತ್ರ ಅಂದ್ರೆ ಯಾರಿಗೂ ವಿವರಿಸಬೇಕಾಗಿಲ್ಲ. ಸುಗ್ಗಿ ಮುಗಿದ ಮೇಲೆ ಹಾರ್ಮೋನಿಯಂ ಮಾಸ್ತರು ಬಂದು ಕೂತ್ಕೊಂಡು ತಿಂಗಳುಗಟ್ಟಲೆ ತಾಲೀಮು ಮಾಡಿಸ್ತಾರೆ. ಪಾತ್ರ ಮಾಡೋರೇ ದುಡ್ಡು ಹಾಕಬೇಕು, ದುರ್ಯೋಧನನಿಗೆ ಜಾಸ್ತಿ. ಸೀನರಿ, ಕಿರೀಟ, ಗದೆ ಎಲ್ಲ ಬಾಡಿಗೆಗೆ ಬರುತ್ತೆ. ರಾತ್ರಿ ಶುರುವಾದ ಯುದ್ಧ ಬೆಳಗಿನ ಜಾವಕ್ಕೂ ಮುಗಿದಿರಲ್ಲ. ರಜೆಗೆ ಊರಿಗೆ ಹೊರಟಿದ್ದ ನನಗೆ, ಪ್ರದರ್ಶನದ ಕಥೆ ಬರಿ ಅಂತ ಸೀನಿಯರ್‌ಗಳು ಗಂಟು ಹಾಕಿದರು. ಹಾಗಾಗಿ ಗುಬ್ಬಿ ವೀರಣ್ಣನವರ ಬಗ್ಗೆ ಓದೋಕೆ ಕೂತೆ. ಓದ್ತಾ ಓದ್ತಾ ಆನೆಯ ಮೇಲಿನ ಆಸೆ ಕಡಿಮೆ ಆಯ್ತು.

ಗುಬ್ಬಿ ಹಂಪಣ್ಣ ವೀರಣ್ಣ ಹುಟ್ಟಿದ್ದು 1891ರಲ್ಲಿ. ಅವರು ಹುಟ್ಟೋ ಮುಂಚೆಯೇ, 1884ರಲ್ಲಿ, ತುಮಕೂರು ಸೀಮೆಯ ಗುಬ್ಬಿಯಲ್ಲಿ ಚನ್ನಬಸವೇಶ್ವರ ಸ್ವಾಮಿಯ ಹೆಸರಲ್ಲಿ ಒಂದು ನಾಟಕ ಸಂಘ ಹುಟ್ಟಿತ್ತು. ಊರಿನ ನಾಟಕದ ಹುಚ್ಚಿನವರು ಕಟ್ಟಿಕೊಂಡದ್ದು. ಅಂದ್ರೆ ಕಂಪನಿಯನ್ನ ವೀರಣ್ಣನವರು ಹುಟ್ಟುಹಾಕಲಿಲ್ಲ, ಕಂಪನಿಯೇ ಅವರನ್ನ ಬೆಳೆಸಿತು. ಇದನ್ನ ಎಷ್ಟೋ ಜನ ತಿರುಗಾ ಮುರುಗಾ ಹೇಳ್ತಾರೆ. ಹುಡುಗನಾಗಿ ಸೇರಿದವರು ಬಣ್ಣ, ಪದ, ಮಾತು ಎಲ್ಲ ಅಲ್ಲೇ ಕಲಿತರು. ಮುಂದೆ ಅದೇ ಕಂಪನಿಯ ಮಾಲೀಕರಾದರು.

ನನಗೆ ಗೊತ್ತಿಲ್ಲದೇ ಇದ್ದ ಸಂಗತಿ ಇನ್ನೊಂದು. ಇಷ್ಟು ದೊಡ್ಡ ಕಂಪನಿಯ ಯಜಮಾನರು ಜನರ ಮನಸ್ಸಲ್ಲಿ ನಿಂತದ್ದು ರಾಜನ ಪಾತ್ರದಿಂದಲ್ಲ, ಹಾಸ್ಯದಿಂದ. ಬೆಳ್ಳಾವೆ ನರಹರಿಶಾಸ್ತ್ರಿಗಳು ಬರೆದ 'ಸದಾರಮೆ'ಯಲ್ಲಿ ಅವರದ್ದು ಕಳ್ಳನ ಪಾತ್ರ. ಕದಿಯೋಕೆ ಬಂದು ಸದಾರಮೆಯ ಜಾಣತನಕ್ಕೆ ಬೇಸ್ತು ಬೀಳೋ ಕಳ್ಳ. ಆ ಪಾತ್ರಕ್ಕೆ ಆನೆ ಬೇಡ, ಕುದುರೆ ಬೇಡ. ಒಬ್ಬ ಮನುಷ್ಯ, ಅವನ ಮೈ, ಅವನ ಮಾತು, ಎದುರಿಗೆ ಕೂತ ಜನ, ಇಷ್ಟೇ ಸಾಕು. 1935ರಲ್ಲಿ ಸದಾರಮೆ ಟಾಕಿಯಾದಾಗಲೂ ಅದರಲ್ಲಿ ವೀರಣ್ಣನವರಿದ್ದರು.

ಕಂಪನಿ ನಾಟಕ ಅಂದ್ರೆ ಅವತ್ತಿಗೆ ಒಂದು ನಡೆದಾಡುವ ಊರು. ನಟರು, ಅವರ ಮನೆಮಂದಿ, ಹಾರ್ಮೋನಿಯಂ, ತಬಲಾ, ಪರದೆ ಎಳೆಯೋರು, ಬಡಗಿ, ಅಡಿಗೆಯವರು ಎಲ್ಲರೂ ಒಂದು ಊರಿನ ಕ್ಯಾಂಪ್ ಮುಗಿಸಿ ಇನ್ನೊಂದು ಊರಿಗೆ ಹೋಗಬೇಕು. ಮಳೆ ಬಂದರೆ ಕಲೆಕ್ಷನ್ ಇಲ್ಲ, ಕಲೆಕ್ಷನ್ ಇಲ್ಲ ಅಂತ ಅಡಿಗೆ ನಿಲ್ಲಿಸೋ ಹಾಗಿಲ್ಲ. ಗುಬ್ಬಿ ಕಂಪನಿ ಕನ್ನಡ ನಾಡನ್ನೂ ದಾಟಿ ಹೋಗಿ ಆಡಿತು. ವೀರಣ್ಣನವರಿಗೆ ಬಂದ ಬಿರುದೇ ಕರ್ನಾಟಕಾಂಧ್ರ ನಾಟಕ ಸಾರ್ವಭೌಮ. ಗಂಡಸರೇ ಸೀರೆ ಉಟ್ಟು ಹೆಣ್ಣು ಪಾತ್ರ ಮಾಡೋ ಕಾಲದಲ್ಲಿ ಅವರು ಹೆಣ್ಣುಮಕ್ಕಳನ್ನ ರಂಗಕ್ಕೆ ತಂದರು. ಪತ್ನಿ ಬಿ. ಜಯಮ್ಮ ರಂಗದ ಮೇಲೂ ಸಿನಿಮಾದಲ್ಲೂ ಹೆಸರಾದ ನಟಿ. ಮೊಮ್ಮಗಳು ಬಿ. ಜಯಶ್ರೀ ಅವರನ್ನ ನಮ್ಮ ತಲೆಮಾರಿನವರೂ ನೋಡಿದ್ದೇವೆ.

ಈಗ ಆನೆಗೆ ಬರೋಣ. ಬಿ. ಪುಟ್ಟಸ್ವಾಮಯ್ಯನವರು ಬರೆದ 'ಕುರುಕ್ಷೇತ್ರ'ವನ್ನ ವೀರಣ್ಣನವರು ಆಡಿಸಿದಾಗ ರಂಗದ ಮೇಲೆ ನಿಜವಾದ ಆನೆ, ನಿಜವಾದ ಕುದುರೆ ಬಂದವು. ಪರದೆಯ ಮೇಲೆ ಬರೆದದ್ದಲ್ಲ, ಬಿದಿರು ಕಟ್ಟಿ ಬಟ್ಟೆ ಹೊದಿಸಿದ್ದೂ ಅಲ್ಲ. ಎಂಜಿನಿಯರಿಂಗ್ ಓದೋರು ಒಂದು ಕ್ಷಣ ಯೋಚನೆ ಮಾಡಿ. ಟನ್‌ಗಟ್ಟಲೆ ತೂಗುವ ಪ್ರಾಣಿ, ಎದುರಿಗೆ ದೀಪ, ವಾದ್ಯದ ಸದ್ದು, ಹತ್ತಿರದಲ್ಲೇ ಸಾವಿರ ಕಣ್ಣು. ನಮ್ಮ ಡ್ರೋನ್ ಸಿಗ್ನಲ್ ಕಳಕೊಂಡರೆ ತಾನಾಗೇ ವಾಪಸ್ ಬಂದು ಇಳಿಯೋ ಹಾಗೆ ಮಾಡಬಹುದು. ಆನೆಗೆ ಅಂಥ ಬಟನ್ ಇಲ್ಲ. ಅದರ ಮೇವು, ಮಾವುತ, ಓಡಾಟ ಎಲ್ಲ ನಾಟಕದ ಖರ್ಚಿಗೇ ಸೇರಬೇಕು. ಜನ ಮುಗಿಬಿದ್ದು ನೋಡಿದ್ದರಲ್ಲಿ ಆಶ್ಚರ್ಯ ಇಲ್ಲ. ಇವತ್ತಿಗೂ ಗುಬ್ಬಿ ಕಂಪನಿ ಅಂದ ತಕ್ಷಣ ಜನ ಹೇಳೋದು ಆ ಆನೆಯನ್ನೇ. ಹೆಚ್ಚಿನ ಲೇಖನಗಳೂ ಅಲ್ಲಿಗೇ ನಿಲ್ಲುತ್ತವೆ, ಅದೇ ನನಗೆ ಬೇಜಾರು.

ಯಾಕಂದ್ರೆ ಆನೆ ಹೋದ ಮೇಲೂ ಉಳಿದದ್ದು ಬೇರೆ ಇದೆ. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಅನ್ನೋ ನಟರು ಈ ಕಂಪನಿಯಲ್ಲಿದ್ದರು. ಅವರ ಮಗ ಮುತ್ತುರಾಜು ಶಾಲೆ ಬಿಟ್ಟು ಅಪ್ಪನ ಹಿಂದೆ ಇಲ್ಲಿಗೇ ಬಂದ. ಚಿಕ್ಕಪುಟ್ಟ ಪಾತ್ರ ಮಾಡ್ತಾ ಬೆಳೆದ. 1954ರಲ್ಲಿ ಗುಬ್ಬಿ ವೀರಣ್ಣನವರ ನಿರ್ಮಾಣ ಸಂಸ್ಥೆಯೂ ಸೇರಿ ತೆಗೆದ 'ಬೇಡರ ಕಣ್ಣಪ್ಪ'ದಲ್ಲಿ ಎಚ್.ಎಲ್.ಎನ್. ಸಿಂಹ ಅವರ ನಿರ್ದೇಶನದಲ್ಲಿ ನಾಯಕನಾದ. ಅವರೇ ನಮ್ಮ ರಾಜ್‌ಕುಮಾರ್.

ಇನ್ನೊಬ್ಬ ಹುಡುಗ ದಕ್ಷಿಣ ಕನ್ನಡದಿಂದ ಮನೆ ಬಿಟ್ಟು ಓಡಿ ಬಂದವನು, ಬಿ.ವಿ. ಕಾರಂತ. ಹುಡುಗನಿಗೆ ಬುದ್ಧಿ ಇದೆ ಅಂತ ಗೊತ್ತಾದರೆ ಸಾಮಾನ್ಯವಾಗಿ ಯಾವ ಮಾಲೀಕನೂ ಅವನನ್ನ ಕಂಪನಿಯಲ್ಲೇ ಇಟ್ಟುಕೊಳ್ಳೋಕೆ ನೋಡ್ತಾನೆ. ವೀರಣ್ಣನವರು ಕಾಶಿಗೆ ಎಂ.ಎ. ಓದೋಕೆ ಕಳಿಸಿದರು. ಹಾಗೆ ಹೋದ ಕಾರಂತರು ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು, ಮೈಸೂರಿನಲ್ಲಿ ರಂಗಾಯಣ ಕಟ್ಟಿದರು. ಅವರು ಮಾಡಿದ ನಾಟಕ ಕಂಪನಿ ನಾಟಕದ ದಾರಿಯಲ್ಲಿ ಇರಲಿಲ್ಲ, ಅದು ಬೇರೆಯೇ ದಾರಿ. ಇದನ್ನ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ತನ್ನ ಹತ್ತಿರ ಉಳಿಯದೇ ಇರೋ ಹುಡುಗನ ಓದಿನ ಹಿಂದೆ ನಿಂತ ಮಾಲೀಕ! ಈ ವರ್ಷ ಕ್ಯಾಂಪಸ್ ಸೆಲೆಕ್ಷನ್‌ಗೆ ಕೂತಿರೋರಿಗೆ ಇದರ ಬೆಲೆ ಗೊತ್ತಾಗುತ್ತೆ.

ಮೂಕಿ ಸಿನಿಮಾ, ಟಾಕಿ, ಚಿತ್ರಮಂದಿರ ಎಲ್ಲದಕ್ಕೂ ವೀರಣ್ಣನವರು ಕೈ ಹಾಕಿದರು. ಯಾವ ಸಿನಿಮಾ ಕಂಪನಿ ನಾಟಕದ ಜನರನ್ನ ಎಳಕೊಂಡು ಹೋಗ್ತಿತ್ತೋ ಅದೇ ಸಿನಿಮಾಕ್ಕೆ ದುಡ್ಡು ಹಾಕಿದವರು ಅವರು. ತಮ್ಮ ಬದುಕನ್ನ 'ಕಲೆಯೇ ಕಾಯಕ' ಅನ್ನೋ ಪುಸ್ತಕದಲ್ಲಿ ಹೇಳಿಕೊಂಡಿದ್ದಾರೆ. 1972ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಅಕ್ಟೋಬರ್ 18ಕ್ಕೆ ತೀರಿಕೊಂಡರು. ರಂಗಭೂಮಿಯ ಸಾಧಕರಿಗೆ ಕರ್ನಾಟಕ ಸರ್ಕಾರ ಕೊಡೋ ಒಂದು ಪ್ರಶಸ್ತಿ ಈಗ ಅವರ ಹೆಸರಲ್ಲಿದೆ.

ರಜೆ ಮುಗಿಸಿ ಬಂದವನು ಗುಂಪಿನ ಮುಂದೆ ಇಟ್ಟದ್ದು ಒಂದೇ ಮಾತು. ಆನೆ ಬಿಟ್ಟುಬಿಡೋಣ, ಕುರುಕ್ಷೇತ್ರದ ಬದಲು ಸದಾರಮೆ ಮಾಡೋಣ, ಕಳ್ಳನನ್ನ ಹಾರಿಸೋಣ. ಜಗಳ ಮತ್ತೆ ಶುರುವಾಯ್ತು. ಆನೆ ಇಲ್ಲದೆ ಗುಬ್ಬಿ ಕಂಪನಿ ಅಂತ ಯಾರಿಗೆ ಗೊತ್ತಾಗುತ್ತೆ ಅನ್ನೋದು ಒಬ್ಬ ಗೆಳೆಯನ ವಾದ. ಅದು ಸುಳ್ಳಲ್ಲ. ಆದರೂ 24ರಲ್ಲಿ ಸೊಂಡಿಲು ಬರ್ತಿಲ್ಲ ಅನ್ನೋದು ಕೊನೆಗೆ ನನ್ನ ಪರ ನಿಂತಿತು.

ಈಗಿನ ಕಥೆ ಹೀಗಿದೆ. 24 ಡ್ರೋನ್ ಆರು ಸಾಲು, ನಾಲ್ಕು ಕಂಬವಾಗಿ ಕೆಂಪು ಪರದೆ ಆಗುತ್ತವೆ. ಕೆಳಗಿನ ಸಾಲಿಂದ ಒಂದೊಂದೇ ದೀಪ ಆರುತ್ತಾ ಪರದೆ ಮೇಲೇಳುತ್ತದೆ. ಪೂರ್ತಿ ಕತ್ತಲಾದ ಮೇಲೆ ಒಂದೇ ಒಂದು ಹಳದಿ ದೀಪ ಸೈಡ್‌ವಿಂಗ್‌ನಿಂದ ಬಂದವರ ಹಾಗೆ ಓರೆಯಾಗಿ ಬಂದು, ನಿಂತು, ಎರಡು ಹೆಜ್ಜೆ ಹಿಂದೆ ಹೋಗಿ, ಮತ್ತೆ ಮುಂದೆ ಬರುತ್ತದೆ. ನೋಡೋಕೆ ಸುಲಭ, ಮಾಡೋಕೆ ಇದೇ ಕಷ್ಟ. ಸಾಧಾರಣ ಜಿಪಿಎಸ್‌ನಲ್ಲಿ ಮೀಟರ್‌ಗಟ್ಟಲೆ ಆಚೀಚೆ ಆಗುತ್ತೆ. ಹೆಜ್ಜೆ ಹೆಜ್ಜೆಯಂತೆ ಕಾಣಬೇಕಾದರೆ ಸೆಂಟಿಮೀಟರ್ ಲೆಕ್ಕದ ಆರ್‌ಟಿಕೆ ಬೇಕು, ಅದಕ್ಕೆ ನೆಲದ ಮೇಲೆ ಒಂದು ಬೇಸ್ ಸ್ಟೇಷನ್ ಅಲುಗದೆ ನಿಂತಿರಬೇಕು.

ಅನುಮತಿ ಸಿಕ್ಕರೆ ಮೊದಲ ತಾಲೀಮು ಬಿಳಿಚೋಡಿನ ನಮ್ಮ ಹೊಲದಲ್ಲಿ, ಮೆಕ್ಕೆಜೋಳ ಕೊಯ್ದ ಮೇಲೆ. ಜಗಳೂರು ಸೀಮೆಯಲ್ಲಿ ಗಾಳಿ ಫ್ಯಾನು ಸುಮ್ಮನೆ ನೆಟ್ಟಿಲ್ಲ, ಹಾಗಾಗಿ ಗಾಳಿ ತಗ್ಗಿರೋ ಹೊತ್ತು ನೋಡಿಕೊಳ್ಳಬೇಕು. ಆನೆ ಬೇಕು ಅಂದ ಗೆಳೆಯ ಇನ್ನೂ ಮುನಿಸಿಕೊಂಡಿದ್ದಾನೆ. ಬೇಸ್ ಸ್ಟೇಷನ್ ನೋಡಿಕೊಳ್ಳೋದು ಮಾತ್ರ ಅವನೇ, ನಮ್ಮಲ್ಲಿ ಇನ್ಯಾರಿಗೂ ಅದು ಬರಲ್ಲ.