ಮಿಂಚಿನ ಓಟ ಆನಗೋಡಿನಲ್ಲಿ ನಿಂತಾಗ

ಚಿತ್ರದುರ್ಗ: ಬೆಂಗಳೂರಿನಿಂದ ಹಿರಿಯೂರು, ಚಿತ್ರದುರ್ಗಗಳನ್ನು ಹಾದು ದಾವಣಗೆರೆಯತ್ತ ಸಾಗುವ ಹೆದ್ದಾರಿಯಲ್ಲಿ ಆನಗೋಡು ಎಂಬ ಊರು ಸಿಗುತ್ತದೆ. 1997ರಲ್ಲಿ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಈ ಊರು ಚಿತ್ರದುರ್ಗ ಜಿಲ್ಲೆಗೇ ಸೇರಿತ್ತು. 1990ರ ಸೆಪ್ಟೆಂಬರ್ 30ರ ಮುಂಜಾನೆ ಇಲ್ಲಿ ಸಂಭವಿಸಿದ ಅಪಘಾತ ಇಡೀ ಕನ್ನಡ ನಾಡನ್ನು ದುಃಖದಲ್ಲಿ ಮುಳುಗಿಸಿತು. ಅಂದು ಅಸುನೀಗಿದವರು ನಟ, ನಿರ್ದೇಶಕ ಶಂಕರ್‌ನಾಗ್. ಅವರಿಗಾಗ ಕೇವಲ 35 ವರ್ಷ.

ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರದ ಕಡೆಯ ನಾಗರಕಟ್ಟೆ ಮನೆತನದಲ್ಲಿ 1954ರ ನವೆಂಬರ್ 9ರಂದು ಜನಿಸಿದ ಶಂಕರ್, ಯೌವನದಲ್ಲಿ ಮುಂಬಯಿ ಸೇರಿದರು. ಅಲ್ಲಿನ ಮರಾಠಿ ರಂಗಭೂಮಿ ಅವರನ್ನು ಸೆಳೆಯಿತು. ಬಾಳಸಂಗಾತಿ ಅರುಂಧತಿಯವರೂ ರಂಗದ ನಂಟಿನಿಂದಲೇ ಜೊತೆಯಾದರು. ಅಣ್ಣ ಅನಂತ್‌ನಾಗ್ ಆ ವೇಳೆಗೆ ಚಿತ್ರರಂಗದಲ್ಲಿ ನೆಲೆ ಕಂಡಿದ್ದರು. 1978ರಲ್ಲಿ ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ ಚಿತ್ರದ ಮೂಲಕ ತಮ್ಮನೂ ತೆರೆಗೆ ಬಂದರು. ಮೊದಲ ಕನ್ನಡ ಚಿತ್ರವೇ ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿಯನ್ನು ತಂದುಕೊಟ್ಟಿತು.

ಅಲ್ಲಿಂದಾಚೆಗಿನ ಹನ್ನೆರಡು ವರ್ಷಗಳಲ್ಲಿ ಅವರು ವಿಶ್ರಾಂತಿ ಎಂಬುದನ್ನೇ ಅರಿಯಲಿಲ್ಲ. ಕಾರುಗಳ್ಳರ ಕಥೆಯುಳ್ಳ ‘ಮಿಂಚಿನ ಓಟ’ವನ್ನು 1980ರಲ್ಲಿ ನಿರ್ದೇಶಿಸಿದರು. ಅದೇ ವರ್ಷ ಬಂದ ‘ಆಟೋರಾಜ’ ಅವರನ್ನು ಆಟೊ ಚಾಲಕರ ಆರಾಧ್ಯ ನಟನನ್ನಾಗಿಸಿತು. ‘ಗೀತಾ’, ‘ಸಾಂಗ್ಲಿಯಾನ’ ಜನರನ್ನು ರಂಜಿಸಿದವು. ಆರ್.ಕೆ. ನಾರಾಯಣರ ಕಥೆಗಳನ್ನಾಧರಿಸಿ, ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ದೂರದರ್ಶನದ ಮೂಲಕ ದೇಶದ ಮನೆಮನೆಗೆ ತಲುಪಿತು. ಇದರ ನಡುವೆಯೇ ಸಂಕೇತ್ ನಾಟಕ ತಂಡವನ್ನೂ ಧ್ವನಿಮುದ್ರಣ ಸ್ಟುಡಿಯೊವನ್ನೂ ಕಟ್ಟಿದರು. ಬೆಂಗಳೂರಿಗೆ ಮೆಟ್ರೊ ರೈಲು, ನಂದಿಬೆಟ್ಟಕ್ಕೆ ರೋಪ್‌ವೇ ಎಂದು ಕನಸು ಹೆಣೆದರು.

ಇಂದಿನ ಯುವ ಚಾಲಕರು ಮುಖ್ಯವಾಗಿ ನೋಡಬೇಕಾದದ್ದು ಅವರ 1985ರ ‘ಆಕ್ಸಿಡೆಂಟ್’ ಚಿತ್ರವನ್ನು. ರಾಜಕಾರಣಿಯೊಬ್ಬನ ಮಗ ಅಮಲಿನಲ್ಲಿ ಕಾರನ್ನು ಓಡಿಸಿ, ಪಾದಚಾರಿ ಮಾರ್ಗದಲ್ಲಿ ಮಲಗಿದ್ದ ಬಡವರ ಮೇಲೆ ಹರಿಸುತ್ತಾನೆ. ತಂದೆಯ ಅಧಿಕಾರ ಮಗನ ರಕ್ಷಣೆಗೆ ನಿಲ್ಲುತ್ತದೆ. ಪತ್ರಕರ್ತನೊಬ್ಬ ಸತ್ಯದ ಬೆನ್ನು ಹತ್ತುತ್ತಾನೆ. ತಂದೆಯಾಗಿ ಅನಂತ್‌ನಾಗ್, ಪತ್ರಕರ್ತನಾಗಿ ಶಂಕರ್‌ನಾಗ್ ನಟಿಸಿದ್ದರು. ಸಾಮಾಜಿಕ ಸಮಸ್ಯೆಯ ಕುರಿತಾದ ಚಿತ್ರವೆಂದು ರಾಷ್ಟ್ರ ಪ್ರಶಸ್ತಿಯೂ ಸಂದಿತು. ದುಬಾರಿ ಕಾರು, ಎಳೆಯ ಚಾಲಕ, ಪ್ರಭಾವಿ ತಂದೆ, ಬೀದಿಯ ಬಡವ: ದಶಕಗಳ ನಂತರವೂ ಪತ್ರಿಕೆಗಳಲ್ಲಿ ಇದೇ ಕಥೆ ಹೆಸರು ಬದಲಿಸಿಕೊಂಡು ಬರುತ್ತಿರುವುದು ವಿಷಾದದ ಸಂಗತಿ.

ರಸ್ತೆಯ ಸಾವನ್ನು ಹೀಗೆ ತೆರೆಗೆ ತಂದ ಕಲಾವಿದನನ್ನು ರಸ್ತೆಯೇ ಬಲಿ ತೆಗೆದುಕೊಂಡದ್ದು ವಿಧಿಯ ವಿಪರ್ಯಾಸ. ಚಂದ್ರಶೇಖರ ಕಂಬಾರರ ನಾಟಕವನ್ನಾಧರಿಸಿದ ‘ಜೋಕುಮಾರಸ್ವಾಮಿ’ ಚಿತ್ರಕ್ಕಾಗಿ ಅವರು ಪತ್ನಿ ಹಾಗೂ ಪುಟ್ಟ ಮಗಳೊಡನೆ ಲೋಕಾಪುರಕ್ಕೆ ಹೊರಟಿದ್ದರು. ಆನಗೋಡಿನ ಬಳಿ ಕಾರು ಲಾರಿಗೆ ಡಿಕ್ಕಿಯಾಯಿತು. ತೀವ್ರವಾಗಿ ಗಾಯಗೊಂಡ ಅರುಂಧತಿ ಹಾಗೂ ಮಗಳು ಬದುಕುಳಿದರು. ಆಗ ಈ ಹೆದ್ದಾರಿಗೆ ನಡುವೆ ವಿಭಜಕವಿರಲಿಲ್ಲ. ಎದುರು ಬದುರಾಗಿ ಬರುವ ಲಾರಿಗಳ ನಡುವೆಯೇ ಕಾರುಗಳು ಓಡಬೇಕಿತ್ತು. ದೇಶದ ಕಾರುಗಳಲ್ಲಿ ಗಾಳಿಚೀಲ ಇರಲಿಲ್ಲ, ಸೀಟ್‌ಬೆಲ್ಟ್ ಕಡ್ಡಾಯವೂ ಆಗಿರಲಿಲ್ಲ.

ಇಂದು ಆ ರಸ್ತೆ ಸುವರ್ಣ ಚತುಷ್ಪಥದ ಭಾಗವಾಗಿ ಅಗಲಗೊಂಡಿದೆ. ಆದರೆ ರಸ್ತೆ ಸುಧಾರಿಸಿದಷ್ಟೂ ವೇಗದ ಹುಚ್ಚು ಹೆಚ್ಚಿದೆ. ಹೊಳಲ್ಕೆರೆ, ಹೊಸದುರ್ಗಗಳ ಕಡೆಯ ಯುವಕರಿಗೂ ಈ ನುಣುಪಾದ ಹಾದಿ ಆಮಿಷ ಒಡ್ಡುತ್ತದೆ. ಬಲಶಾಲಿ ಕಾರು ಕೆಲವೇ ಕ್ಷಣಗಳಲ್ಲಿ ಗಂಟೆಗೆ 100 ಕಿ.ಮೀ. ವೇಗ ಮುಟ್ಟಬಹುದು, ಚಾಲಕನ ಕಣ್ಣು, ಕಾಲುಗಳು ಮಾತ್ರ ಹಳೆಯವೇ. 140 ಕಿ.ಮೀ. ವೇಗದಲ್ಲಿ ಕಾರು ಪ್ರತಿ ಸೆಕೆಂಡಿಗೆ ಸುಮಾರು 39 ಮೀಟರ್ ಸಾಗುತ್ತದೆ. ವೇಗ ಇಮ್ಮಡಿಯಾದರೆ ಬ್ರೇಕ್ ಒತ್ತಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ. ಹೊಲದಿಂದ ಮನೆಗೆ ಮರಳುವ ರೈತನಾಗಲಿ, ದೀಪವಿಲ್ಲದ ಟ್ರಾಕ್ಟರ್ ಆಗಲಿ ಆ ಲೆಕ್ಕಕ್ಕೆ ಕಾಯುವುದಿಲ್ಲ.

ಪೋಷಕರ ಹೊಣೆಯೂ ಸಣ್ಣದಲ್ಲ. 2019ರ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿಯಂತೆ, ಅಪ್ರಾಪ್ತ ಮಗ ವಾಹನ ಚಲಾಯಿಸಿ ತಪ್ಪೆಸಗಿದರೆ ಪೋಷಕರಿಗೆ ಮೂರು ವರ್ಷಗಳವರೆಗೆ ಜೈಲು ಹಾಗೂ 25,000 ರೂಪಾಯಿ ದಂಡ ವಿಧಿಸಲು ಅವಕಾಶವಿದೆ. ‘ಆಕ್ಸಿಡೆಂಟ್’ ಚಿತ್ರದ ತಂದೆಯನ್ನು ಕಾನೂನು ಕೊನೆಗೂ ಗುರುತಿಸಿದಂತಾಗಿದೆ.

ಶಂಕರ್‌ನಾಗ್ ಕಂಡ ಕನಸುಗಳಲ್ಲಿ ಕೆಲವು ಅವರ ನಂತರ ನನಸಾದವು. ಅರುಂಧತಿಯವರ ಶ್ರಮದಿಂದ 2004ರಲ್ಲಿ ಬೆಂಗಳೂರಿನಲ್ಲಿ ‘ರಂಗಶಂಕರ’ ತೆರೆಯಿತು. 2011ರಲ್ಲಿ ನಗರದ ಮೆಟ್ರೊ ರೈಲು ಓಡಿತು. ಎರಡನ್ನೂ ನೋಡಲು ಅವರಿರಲಿಲ್ಲ. ಇಂದಿಗೂ ಆಟೊಗಳ ಮೇಲೆ ನಗುತ್ತಿರುವ ಆ ಮುಖ ಕಂಡಾಗ ಯುವ ಚಾಲಕರು ಅವರ ಸಾಹಸವನ್ನಷ್ಟೇ ಅಲ್ಲ, ಆನಗೋಡಿನ ಆ ಮುಂಜಾನೆಯನ್ನೂ ನೆನೆದು ವೇಗ ತಗ್ಗಿಸಿದರೆ, ಅದೇ ಅವರಿಗೆ ಸಲ್ಲಿಸುವ ನಿಜವಾದ ಶ್ರದ್ಧಾಂಜಲಿ.