ಕ್ರಿಸ್ಟೋಫರ್ ಕೊಲಂಬಸ್ ಲ್ಯಾಂಗ್ಡೆಲ್

ಕ್ರಿಸ್ಟೋಫರ್ ಕೊಲಂಬಸ್ ಲ್ಯಾಂಗ್ಡೆಲ್ (22 ಮೇ 1826 – 6 ಜುಲೈ 1906) ಅಮೆರಿಕದ ನ್ಯಾಯಶಾಸ್ತ್ರಜ್ಞರು ಹಾಗೂ ಕಾನೂನು ಪ್ರಾಧ್ಯಾಪಕರು. 1870ರಿಂದ 1895ರವರೆಗೆ ಹಾರ್ವರ್ಡ್ ಕಾನೂನು ಶಾಲೆಯ ಡೀನ್ ಆಗಿದ್ದರು; ಆ ಹುದ್ದೆಯನ್ನು ಅಲಂಕರಿಸಿದವರಲ್ಲಿ ಇವರೇ ಮೊದಲಿಗರು. ನ್ಯಾಯಾಲಯಗಳ ಮೂಲ ತೀರ್ಪುಗಳನ್ನೇ ಪಠ್ಯವಾಗಿಸಿಕೊಂಡು ಪ್ರಶ್ನೋತ್ತರದ ಮೂಲಕ ಬೋಧಿಸುವ 'ಪ್ರಕರಣ ಪದ್ಧತಿ'ಯ ಪ್ರವರ್ತಕರೆಂದು ಇವರು ಪ್ರಸಿದ್ಧರು. ಮೊದಲ ವರ್ಷ ಎಲ್ಲರಿಗೂ ಒಂದೇ ಬಗೆಯ ಕಡ್ಡಾಯ ವಿಷಯಗಳು, ಆನಂತರ ವಿದ್ಯಾರ್ಥಿಯು ಆಯ್ದುಕೊಳ್ಳುವ ಐಚ್ಛಿಕ ವಿಷಯಗಳು ಎಂಬ ವ್ಯವಸ್ಥೆಯೂ ಇವರ ಅಧಿಕಾರಾವಧಿಯಲ್ಲಿಯೇ ನೆಲೆಗೊಂಡಿತು. ಬೋಧನಾ ಪದ್ಧತಿಯಷ್ಟು ಇದು ಚರ್ಚೆಗೆ ಒಳಗಾಗಿಲ್ಲವಾದರೂ ಇದರ ಪ್ರಭಾವ ಕಡಿಮೆಯದೇನಲ್ಲ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಲ್ಯಾಂಗ್ಡೆಲ್ ಅವರು ನ್ಯೂ ಹ್ಯಾಂಪ್‌ಶೈರ್ ರಾಜ್ಯದ ನ್ಯೂ ಬೋಸ್ಟನ್ ಎಂಬ ಊರಿನ ಬಡ ರೈತ ಕುಟುಂಬದಲ್ಲಿ ಜನಿಸಿದರು. ಚಿಕ್ಕಂದಿನಲ್ಲಿಯೇ ತಾಯಿಯನ್ನು ಕಳೆದುಕೊಂಡರು. ಕುಟುಂಬ ಚದುರಿತು. ಓದುವ ಹಂಬಲವಿದ್ದರೂ ಹಣವಿರಲಿಲ್ಲ. ಮ್ಯಾಂಚೆಸ್ಟರ್ ಪಟ್ಟಣದ ಬಟ್ಟೆ ಗಿರಣಿಯಲ್ಲಿ ದುಡಿದು, ಸಹೋದರಿಯ ನೆರವನ್ನೂ ಪಡೆದು, 1845ರಲ್ಲಿ ಫಿಲಿಪ್ಸ್ ಎಕ್ಸೆಟರ್ ಅಕಾಡೆಮಿಗೆ ಸೇರಿದರು. ಬಹುಪಾಲು ಸಹಪಾಠಿಗಳಿಗಿಂತ ಆಗ ಇವರು ವಯಸ್ಸಿನಲ್ಲಿ ದೊಡ್ಡವರಾಗಿದ್ದರು. 1848ರಲ್ಲಿ ಹಾರ್ವರ್ಡ್ ಕಾಲೇಜನ್ನು ಪ್ರವೇಶಿಸಿದರಾದರೂ ಹಣದ ಅಡಚಣೆಯಿಂದಾಗಿ ಅಲ್ಲಿ ಬಹುಕಾಲ ಉಳಿಯಲಾಗಲಿಲ್ಲ. ಎಕ್ಸೆಟರ್‌ಗೆ ಹಿಂದಿರುಗಿ ವಕೀಲರ ಕಚೇರಿಯೊಂದರಲ್ಲಿ ಗುಮಾಸ್ತರಾಗಿ ದುಡಿಯುತ್ತ ಕಾನೂನು ಕಲಿತರು. ಅಂದಿನ ಅಮೆರಿಕದಲ್ಲಿ ಹೆಚ್ಚಿನವರು ವಕೀಲರಾಗುತ್ತಿದ್ದುದು ಇದೇ ಮಾರ್ಗದಿಂದ.

1851ರಲ್ಲಿ ಹಾರ್ವರ್ಡ್ ಕಾನೂನು ಶಾಲೆಗೆ ಸೇರಿದ ಲ್ಯಾಂಗ್ಡೆಲ್ ಅಲ್ಲಿ ಮೂರು ವರ್ಷ ಉಳಿದರು. ಒಂದೂವರೆ ವರ್ಷಕ್ಕೇ ಪದವಿ ದೊರೆಯುತ್ತಿದ್ದ ಕಾಲದಲ್ಲಿ ಇದು ಅಪರೂಪದ ಸಂಗತಿ. ಖರ್ಚಿಗಾಗಿ ಶಾಲೆಯ ಗ್ರಂಥಾಲಯದಲ್ಲಿ ಸಹಾಯಕರಾಗಿ ಕೆಲಸ ಮಾಡುತ್ತಿದ್ದರು. ಹಗಲಿರುಳೂ ಹಳೆಯ ಇಂಗ್ಲಿಷ್ ತೀರ್ಪುಗಳ ವರದಿಗಳಲ್ಲಿ ಮುಳುಗಿರುತ್ತಿದ್ದರು. ಪ್ರಾಧ್ಯಾಪಕ ಥಿಯೋಫಿಲಸ್ ಪಾರ್ಸನ್ಸ್ ಅವರು ಕರಾರು ಕಾನೂನಿನ ಕುರಿತು ಬರೆಯುತ್ತಿದ್ದ ಗ್ರಂಥಕ್ಕೆ ಟಿಪ್ಪಣಿಗಳನ್ನು ಸಿದ್ಧಪಡಿಸಿಕೊಟ್ಟವರಲ್ಲಿ ಇವರೂ ಒಬ್ಬರು. ಈ ದಿನಗಳಲ್ಲಿಯೇ ಚಾರ್ಲ್ಸ್ ವಿಲಿಯಂ ಎಲಿಯಟ್ ಎಂಬ ಕಾಲೇಜು ವಿದ್ಯಾರ್ಥಿ ಇವರ ಮಾತುಗಳನ್ನು ಕೇಳಿ ಪ್ರಭಾವಿತನಾದನು. ಮುಂದೆ ಇಬ್ಬರ ಬದುಕಿನಲ್ಲಿಯೂ ಆ ಪರಿಚಯ ಮಹತ್ವದ್ದಾಯಿತು.

ನ್ಯೂಯಾರ್ಕಿನ ವಕೀಲಿ ವೃತ್ತಿ

1854ರಿಂದ 1870ರವರೆಗೆ ಇವರು ನ್ಯೂಯಾರ್ಕ್ ನಗರದಲ್ಲಿ ವಕೀಲರಾಗಿದ್ದರು. ನ್ಯಾಯಾಲಯದಲ್ಲಿ ಇವರು ವಾದಿಸಿದ್ದು ಕಡಿಮೆ. ಇತರ ವಕೀಲರಿಗಾಗಿ ದಾವಾ ಪತ್ರಗಳನ್ನೂ ವಾದಟಿಪ್ಪಣಿಗಳನ್ನೂ ಸಿದ್ಧಪಡಿಸುವುದೇ ಮುಖ್ಯ ಕೆಲಸವಾಗಿತ್ತು. ಬಹುಪಾಲು ಸಮಯವನ್ನು ಗ್ರಂಥಾಲಯದಲ್ಲಿಯೇ ಕಳೆದರು. ಹೀಗಾಗಿ 1869ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷರಾದ ಎಲಿಯಟ್, ಹಳೆಯ ಪರಿಚಯವನ್ನು ನೆನೆದು, 1870ರ ಆರಂಭದಲ್ಲಿ ಇವರನ್ನು 'ಡೇನ್' ಪ್ರಾಧ್ಯಾಪಕ ಪೀಠಕ್ಕೆ ನೇಮಿಸಿದಾಗ ಬೋಸ್ಟನ್ನಿನ ವಕೀಲರಲ್ಲಿ ಹೆಚ್ಚಿನವರಿಗೆ ಈ ಹೆಸರೇ ಅಪರಿಚಿತವಾಗಿತ್ತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಲ್ಯಾಂಗ್ಡೆಲ್ ಡೀನ್ ಆಗಿ ಆಯ್ಕೆಯಾದರು.

ಹಾರ್ವರ್ಡ್‌ನಲ್ಲಿ ಸುಧಾರಣೆಗಳು

ಇವರು ಅಧಿಕಾರ ವಹಿಸಿಕೊಂಡಾಗ ಶಾಲೆಯಲ್ಲಿ ಪ್ರವೇಶಕ್ಕೆ ಅರ್ಹತೆಯ ನಿಯಮವಾಗಲಿ, ಪದವಿಗೆ ಪರೀಕ್ಷೆಯಾಗಲಿ ಇರಲಿಲ್ಲ. ಶುಲ್ಕ ಕಟ್ಟಿ ನಿಗದಿತ ಅವಧಿಗೆ ಹಾಜರಿದ್ದವರಿಗೆಲ್ಲ ಪದವಿ ಸಿಗುತ್ತಿತ್ತು. ವಿಷಯಗಳಿಗೆ ಕ್ರಮವೂ ಇರಲಿಲ್ಲ. ಬಂದ ವಿದ್ಯಾರ್ಥಿ ಅಂದು ಯಾವ ಉಪನ್ಯಾಸ ನಡೆಯುತ್ತಿತ್ತೋ ಅಲ್ಲಿಂದಲೇ ಕಲಿಯಲು ತೊಡಗುತ್ತಿದ್ದನು. ಅಂದರೆ ಆಯ್ಕೆಯ ಸ್ವಾತಂತ್ರ್ಯ ಹೇರಳವಾಗಿತ್ತು, ಆದರೆ ಆಯ್ದುಕೊಳ್ಳುವುದಕ್ಕೆ ಬೇಕಾದ ತಳಹದಿ ಇರಲಿಲ್ಲ.

ಲ್ಯಾಂಗ್ಡೆಲ್ ಅವರು ವಿಷಯಗಳನ್ನು ವರ್ಷಗಳಿಗೆ ಅನುಗುಣವಾಗಿ ವಿಂಗಡಿಸಿದರು. ಸ್ಥಿರಾಸ್ತಿ, ಕರಾರು, ಅಪಕೃತ್ಯ, ಅಪರಾಧ ಕಾನೂನು ಹಾಗೂ ಸಿವಿಲ್ ಪ್ರಕ್ರಿಯೆ ಮೊದಲ ವರ್ಷದ ಕಡ್ಡಾಯ ವಿಷಯಗಳಾದವು. ಸಾಕ್ಷ್ಯ, ಈಕ್ವಿಟಿ, ನ್ಯಾಸ, ಸರಕು ಮಾರಾಟ, ಏಜೆನ್ಸಿ, ಪಾಲುದಾರಿಕೆ ಮುಂತಾದವು ಆನಂತರದ ಹಂತಕ್ಕೆ ಸೇರಿದವು. ಅವುಗಳಲ್ಲಿ ತನಗೆ ಬೇಕಾದವನ್ನು ವಿದ್ಯಾರ್ಥಿ ಆರಿಸಿಕೊಳ್ಳಬಹುದಾಗಿತ್ತು. ಪ್ರತಿ ವರ್ಷದ ಕೊನೆಗೆ ಲಿಖಿತ ಪರೀಕ್ಷೆ ಬಂದಿತು; ಮೊದಲ ವರ್ಷದ ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ಮೇಲಿನ ತರಗತಿಗೆ ಹೋಗುವಂತಿರಲಿಲ್ಲ. ವ್ಯಾಸಂಗದ ಅವಧಿ ಮೊದಲು ಎರಡು ವರ್ಷಕ್ಕೆ, 1870ರ ದಶಕದಲ್ಲಿಯೇ ಮೂರು ವರ್ಷಕ್ಕೆ ವಿಸ್ತರಿಸಿತು. ಕಾಲೇಜು ಪದವಿ ಇಲ್ಲದೆ ಬರುವವರಿಗೆ ಲ್ಯಾಟಿನ್ ಹಾಗೂ ಬ್ಲ್ಯಾಕ್‌ಸ್ಟನ್‌ರ ಕಾನೂನು ವ್ಯಾಖ್ಯಾನಗಳನ್ನು ಒಳಗೊಂಡ ಪ್ರವೇಶ ಪರೀಕ್ಷೆ ಏರ್ಪಟ್ಟಿತು. ಇದೇ ಕಾಲದಲ್ಲಿ ಎಲಿಯಟ್ ಅವರು ಹಾರ್ವರ್ಡ್ ಕಾಲೇಜಿನಲ್ಲಿ ಬಹುತೇಕ ಎಲ್ಲ ವಿಷಯಗಳನ್ನೂ ಐಚ್ಛಿಕಗೊಳಿಸುತ್ತ ಸಾಗಿದ್ದರು. ಕಾನೂನು ಶಾಲೆ ಆ ದಾರಿಯನ್ನು ಅರ್ಧ ಮಾತ್ರ ಹಿಡಿಯಿತು: ಮೊದಲ ವರ್ಷ ಅಲ್ಲಿ ಆಯ್ಕೆಗೆ ಅವಕಾಶವೇ ಇರಲಿಲ್ಲ.

ಈ ವ್ಯವಸ್ಥೆಯು ಕಾನೂನಿನ ಬಗ್ಗೆ ಲ್ಯಾಂಗ್ಡೆಲ್ ಅವರಿಗಿದ್ದ ನಂಬಿಕೆಗೆ ಹೊಂದಿಕೊಂಡೇ ಇತ್ತು. ಕಾನೂನು ಒಂದು ವಿಜ್ಞಾನ. ಅದರ ಮೂಲತತ್ತ್ವಗಳ ಸಂಖ್ಯೆ ಮೇಲ್ನೋಟಕ್ಕೆ ತೋರುವುದಕ್ಕಿಂತ ಬಹಳ ಕಡಿಮೆ. ಆಯ್ದ ತೀರ್ಪುಗಳ ಅಧ್ಯಯನದಿಂದ ಅವನ್ನು ಕಂಡುಕೊಳ್ಳಬಹುದು ಎಂಬುದು ಅವರ ನಿಲುವು. ರಸಾಯನಶಾಸ್ತ್ರಜ್ಞನಿಗೆ ಪ್ರಯೋಗಾಲಯ ಹೇಗೋ ಕಾನೂನು ವಿದ್ಯಾರ್ಥಿಗೆ ಗ್ರಂಥಾಲಯ ಹಾಗೆ ಎಂದು ಅವರು ಭಾವಿಸಿದ್ದರು. ಮೂಲತತ್ತ್ವಗಳು ಕೆಲವೇ ಆಗಿದ್ದರೆ ಅವನ್ನು ಮೊದಲ ವರ್ಷದಲ್ಲಿಯೇ ಗಟ್ಟಿ ಮಾಡಿಕೊಂಡು, ಅನಂತರ ಯಾವ ಶಾಖೆಯನ್ನು ಆಯ್ದುಕೊಂಡರೂ ತೊಂದರೆಯಿಲ್ಲ.

ಪ್ರಕರಣ ಪದ್ಧತಿ

1870ರ ಶರತ್ಕಾಲದಲ್ಲಿ ಕರಾರು ಕಾನೂನಿನ ಮೊದಲ ತರಗತಿಗೆ ಬಂದ ಲ್ಯಾಂಗ್ಡೆಲ್ ಉಪನ್ಯಾಸ ನೀಡಲಿಲ್ಲ. ಒಬ್ಬ ವಿದ್ಯಾರ್ಥಿಯನ್ನು ಹೆಸರಿಸಿ, ಪೇನ್ ವಿರುದ್ಧ ಕೇವ್ ಎಂಬ 1789ರ ಇಂಗ್ಲಿಷ್ ಮೊಕದ್ದಮೆಯ ಸಂಗತಿಗಳನ್ನು ಹೇಳುವಂತೆ ಸೂಚಿಸಿದರು. ಹರಾಜಿನಲ್ಲಿ ಬೆಲೆ ಕೂಗಿದವನು ಸುತ್ತಿಗೆ ಬೀಳುವ ಮುನ್ನ ತನ್ನ ಕೂಗನ್ನು ಹಿಂತೆಗೆದುಕೊಳ್ಳಬಹುದೇ ಎಂಬುದು ಅದರಲ್ಲಿನ ಪ್ರಶ್ನೆ. ಹಿಂತೆಗೆದುಕೊಳ್ಳಬಹುದೆಂದು ನ್ಯಾಯಾಲಯ ತೀರ್ಮಾನಿಸಿತ್ತು. ವಾದಿಯ ವಾದವೇನು, ತೀರ್ಪಿಗೆ ಕಾರಣವೇನು, ಆ ಕಾರಣ ಸರಿಯೇ ಎಂದು ಒಂದರ ಮೇಲೊಂದು ಪ್ರಶ್ನೆಗಳು ಬಂದವು. ಉತ್ತರವನ್ನು ಮಾತ್ರ ಗುರುಗಳು ಹೇಳಲಿಲ್ಲ. ವಿದ್ಯಾರ್ಥಿಗಳಿಗೆ ಇದು ಸಮಯ ವ್ಯರ್ಥವೆನಿಸಿತು. ಹೆಚ್ಚಿನವರು ತರಗತಿ ಬಿಟ್ಟರು. ಬೆರಳೆಣಿಕೆಯಷ್ಟು ಮಂದಿ ಉಳಿದರು. ಅವರಲ್ಲಿ ಜೇಮ್ಸ್ ಬಾರ್ ಏಮ್ಸ್ ಒಬ್ಬರು.

ತರಗತಿಗಾಗಿ ಸಂಗ್ರಹಿಸಿದ ತೀರ್ಪುಗಳ ಸಂಕಲನ 1871ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾಯಿತು. ಕಾನೂನು ಶಾಲೆಗಳಲ್ಲಿ ಇಂದಿಗೂ ಬಳಕೆಯಲ್ಲಿರುವ 'ಕೇಸ್‌ಬುಕ್' ಎಂಬ ಪಠ್ಯಪ್ರಕಾರಕ್ಕೆ ಅದು ಮಾದರಿಯಾಯಿತು. ಈ ಬಗೆಯ ಬೋಧನೆಯನ್ನು ಒಪ್ಪದವರೂ ಅನೇಕರಿದ್ದರು. 1872ರಲ್ಲಿ ಬೋಸ್ಟನ್ ವಿಶ್ವವಿದ್ಯಾಲಯದ ಕಾನೂನು ಶಾಲೆ ಆರಂಭವಾಗುವುದರ ಹಿಂದೆ ಆ ಅಸಮಾಧಾನವೂ ಇತ್ತು. 1873ರಲ್ಲಿ ಏಮ್ಸ್ ಅವರನ್ನು ಸಹಾಯಕ ಪ್ರಾಧ್ಯಾಪಕರನ್ನಾಗಿ ನೇಮಿಸಿದುದು ಇನ್ನೊಂದು ವಿವಾದಕ್ಕೆ ಎಡೆಮಾಡಿತು, ಏಕೆಂದರೆ ಅವರಿಗೆ ವಕೀಲಿ ವೃತ್ತಿಯ ಅನುಭವವೇ ಇರಲಿಲ್ಲ. ಕಾನೂನನ್ನು ಕಲಿಸಲು ಬೇಕಾದುದು ವೃತ್ತಿಯ ಅನುಭವವಲ್ಲ, ಕಾನೂನನ್ನು ಕಲಿತ ಅನುಭವ ಎಂಬುದು ಲ್ಯಾಂಗ್ಡೆಲ್ ಅವರ ಸಮರ್ಥನೆಯಾಗಿತ್ತು. ಪೂರ್ಣಾವಧಿ ಕಾನೂನು ಅಧ್ಯಾಪಕ ಎಂಬ ಪ್ರತ್ಯೇಕ ವೃತ್ತಿಗೆ ಈ ನೇಮಕಾತಿಯೇ ನಾಂದಿಯಾಯಿತು ಎನ್ನಬಹುದು.

ಪಟ್ಟಿಯಿಂದ ಹೊರಗುಳಿದವು

ಲ್ಯಾಂಗ್ಡೆಲ್ ರೂಪಿಸಿದ ವಿಷಯಪಟ್ಟಿ ನ್ಯಾಯಾಲಯಗಳ ತೀರ್ಪುಗಳಿಂದ ಬೆಳೆದ ಖಾಸಗಿ ಕಾನೂನಿನ ಕಡೆಗೆ ವಾಲಿತ್ತು. ಶಾಸನಗಳು, ಆಡಳಿತ, ರಾಜ್ಯಶಾಸ್ತ್ರ, ಅಂತರರಾಷ್ಟ್ರೀಯ ಕಾನೂನು ಇವುಗಳಿಗೆ ಅದರಲ್ಲಿ ದೊರೆತ ಸ್ಥಾನ ಅತ್ಯಲ್ಪ. ಸಂವಿಧಾನ ಕಾನೂನು ಕೂಡ ಕಡ್ಡಾಯವಾಗಿರಲಿಲ್ಲ. ಅದನ್ನು ಬೋಧಿಸಿದ ಜೇಮ್ಸ್ ಬ್ರಾಡ್ಲಿ ಥೇಯರ್ ಅವರ ಪ್ರಕರಣ ಸಂಕಲನ ಹೊರಬಂದದ್ದು 1895ರಲ್ಲಿ, ಲ್ಯಾಂಗ್ಡೆಲ್ ಡೀನ್ ಹುದ್ದೆ ಬಿಟ್ಟ ವರ್ಷ. ಕಕ್ಷಿದಾರನೊಡನೆ ಮಾತನಾಡುವುದು, ಸಾಕ್ಷಿಯನ್ನು ಪ್ರಶ್ನಿಸುವುದು ಮುಂತಾದ ವೃತ್ತಿಕೌಶಲಗಳ ಬೋಧನೆಗೂ ಅವಕಾಶವಿರಲಿಲ್ಲ.

ಪಟ್ಟಿಗಳ ಈ ಗಡಿ 1902ರಲ್ಲಿ ಬಹಿರಂಗ ಜಗಳಕ್ಕೆ ಕಾರಣವಾಯಿತು. ಶಿಕಾಗೊ ವಿಶ್ವವಿದ್ಯಾಲಯ ಹೊಸ ಕಾನೂನು ಶಾಲೆಯೊಂದನ್ನು ಆರಂಭಿಸಲು ಹಾರ್ವರ್ಡ್‌ನ ಜೋಸೆಫ್ ಬೀಲ್ ಅವರ ನೆರವನ್ನು ಕೋರಿತು. ಅಲ್ಲಿನ ಅರ್ನ್ಸ್ಟ್ ಫ್ರಾಯಿಂಡ್ ಅವರು ಸಾರ್ವಜನಿಕ ಕಾನೂನು ಮತ್ತು ರಾಜ್ಯಶಾಸ್ತ್ರಕ್ಕೆ ಸೇರಿದ ವಿಷಯಗಳನ್ನೂ ಪಠ್ಯಕ್ರಮದಲ್ಲಿ ಅಳವಡಿಸಲು ಬಯಸಿದ್ದರು. ಆಗ ಹಾರ್ವರ್ಡ್‌ನ ಡೀನ್ ಆಗಿದ್ದ ಏಮ್ಸ್ ಅಪ್ಪಟ ಕಾನೂನಲ್ಲದ ವಿಷಯಗಳಿಗೆ ಸಮ್ಮತಿಸಲಿಲ್ಲ. ಕೊನೆಗೆ ಬೀಲ್ ಶಿಕಾಗೊಗೆ ಹೋದರು. ಶಾಲೆ ಬಹುಮಟ್ಟಿಗೆ ಹಾರ್ವರ್ಡ್ ಮಾದರಿಯಲ್ಲಿಯೇ ಆರಂಭವಾಯಿತು. ಆಡಳಿತ ಕಾನೂನು ಒಂದು ಅಧ್ಯಯನ ಕ್ಷೇತ್ರವಾಗಿ ಬೆಳೆಯಲು ಮುಂದೆ ಫ್ರಾಯಿಂಡ್ ಅವರೇ ಕಾರಣರಾದರು.

ಪಟ್ಟಿಯಷ್ಟೇ ಅಲ್ಲ, ಪ್ರವೇಶದ್ವಾರವೂ ಕಿರಿದಾಗಿತ್ತು. ಮಹಿಳೆಯರ ಪ್ರವೇಶವನ್ನು ಲ್ಯಾಂಗ್ಡೆಲ್ ಬೆಂಬಲಿಸಲಿಲ್ಲ. ಹಾರ್ವರ್ಡ್ ಕಾನೂನು ಶಾಲೆಗೆ ಅವರು ಪ್ರವೇಶ ಪಡೆದದ್ದು 1950ರಲ್ಲಿ. ಗಿರಣಿಯಲ್ಲಿ ದುಡಿದು, ಪದವಿ ಪೂರೈಸದೆ ಕಾಲೇಜು ಬಿಟ್ಟಿದ್ದ ವ್ಯಕ್ತಿಯ ಸುಧಾರಣೆಗಳು, 1890ರ ದಶಕದ ಹೊತ್ತಿಗೆ ಕಾಲೇಜು ಪದವಿ ಇಲ್ಲದವರಿಗೆ ಬಾಗಿಲು ಮುಚ್ಚುವಲ್ಲಿಗೆ ಬಂದು ನಿಂತದ್ದು ವಿಚಿತ್ರವೇ ಸರಿ.

ವಿಮರ್ಶೆಗಳು

ಅಂಚೆಯ ಮೂಲಕ ಕಳುಹಿಸಿದ ಸಮ್ಮತಿಯಿಂದ ಕರಾರು ಯಾವಾಗ ಏರ್ಪಡುತ್ತದೆ ಎಂಬ ಪ್ರಶ್ನೆಯಲ್ಲಿ ಇಂಗ್ಲಿಷ್ ನ್ಯಾಯಾಲಯಗಳು ಪತ್ರ ಅಂಚೆಗೆ ಬಿದ್ದ ಕ್ಷಣವನ್ನು ಒಪ್ಪಿದ್ದವು. ಪತ್ರ ತಲುಪಿದಾಗಲೇ ಕರಾರು ಏರ್ಪಡಬೇಕೆಂದು ಲ್ಯಾಂಗ್ಡೆಲ್ ವಾದಿಸಿದರು. ನ್ಯಾಯ ಮತ್ತು ಅನುಕೂಲಗಳ ಮಾತು ಇಲ್ಲಿ ಅಪ್ರಸ್ತುತವೆಂದರು. 1880ರಲ್ಲಿ ಅವರ ಗ್ರಂಥವನ್ನು ವಿಮರ್ಶಿಸಿದ ಆಲಿವರ್ ವೆಂಡೆಲ್ ಹೋಮ್ಸ್, ಅವರ ಪಾಂಡಿತ್ಯವನ್ನು ಮೆಚ್ಚುತ್ತಲೇ, ಅನುಭವಕ್ಕಿಂತ ತಾರ್ಕಿಕ ಸುಸಂಗತಿಯನ್ನು ಮೇಲೆ ಕೂರಿಸುವ ಧೋರಣೆಯನ್ನು ದೇವತಾಶಾಸ್ತ್ರಕ್ಕೆ ಹೋಲಿಸಿದರು. 1930ರ ದಶಕದಲ್ಲಿ ಜೆರೋಮ್ ಫ್ರಾಂಕ್ ಇನ್ನೂ ಕಟುವಾಗಿ ಬರೆದರು. ಮೇಲ್ಮನವಿ ತೀರ್ಪುಗಳನ್ನು ಮಾತ್ರ ಓದಿ ವಕೀಲನಾಗುವುದು ಸಾಧ್ಯವಿಲ್ಲ, ವೈದ್ಯ ವಿದ್ಯಾರ್ಥಿಗಳಿಗೆ ಆಸ್ಪತ್ರೆಯಿರುವಂತೆ ಕಾನೂನು ವಿದ್ಯಾರ್ಥಿಗಳಿಗೂ ಪ್ರಾಯೋಗಿಕ ಶಿಕ್ಷಣ ಬೇಕು ಎಂಬುದು ಅವರ ವಾದ.

ಕೊನೆಯ ದಿನಗಳು

1880ರಲ್ಲಿ ಮಾರ್ಗರೆಟ್ ಹ್ಯೂಸನ್ ಅವರನ್ನು ವಿವಾಹವಾದರು. ದೃಷ್ಟಿ ಕ್ರಮೇಣ ಕುಂದತೊಡಗಿತು. ಪುಸ್ತಕಗಳನ್ನು ಇತರರಿಂದ ಓದಿಸಿ ಕೇಳಬೇಕಾಯಿತು. ತಾವೇ ಆರಂಭಿಸಿದ ಪ್ರಶ್ನೋತ್ತರ ಕ್ರಮವನ್ನು ಕೊನೆಯ ವರ್ಷಗಳಲ್ಲಿ ಕೈಬಿಟ್ಟು ಉಪನ್ಯಾಸಕ್ಕೆ ಮರಳಿದರು. 1895ರಲ್ಲಿ ಡೀನ್ ಹುದ್ದೆಯನ್ನು ಏಮ್ಸ್ ಅವರಿಗೆ ಬಿಟ್ಟುಕೊಟ್ಟು, 1900ರವರೆಗೆ ಪ್ರಾಧ್ಯಾಪಕರಾಗಿ ಮುಂದುವರಿದರು. 1906ರ ಜುಲೈ 6ರಂದು ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ನಿಧನರಾದರು. ಶಾಲೆಯ ಗ್ರಂಥಾಲಯವಿರುವ ಕಟ್ಟಡಕ್ಕೆ ಇವರ ಹೆಸರನ್ನಿಡಲಾಗಿದೆ.

ಭಾರತದ ಕಾನೂನು ಶಿಕ್ಷಣದಲ್ಲಿ

ಲ್ಯಾಂಗ್ಡೆಲ್ ಅವರ ಸಂಕಲನ ಪ್ರಕಟವಾದ ಮರುವರ್ಷವೇ, 1872ರಲ್ಲಿ, ಭಾರತೀಯ ಕರಾರು ಅಧಿನಿಯಮ ಜಾರಿಗೆ ಬಂದಿತು. ಅಂಚೆಯ ಸಮ್ಮತಿಯ ಪ್ರಶ್ನೆಗೆ ಅದರ 4ನೇ ಪ್ರಕರಣ ಬೇರೆಯೇ ಪರಿಹಾರ ನೀಡುತ್ತದೆ: ಪ್ರಸ್ತಾವ ಮಾಡಿದವನ ಮಟ್ಟಿಗೆ ಸಮ್ಮತಿಯನ್ನು ರವಾನಿಸಿದಾಗ, ಸಮ್ಮತಿಸಿದವನ ಮಟ್ಟಿಗೆ ಅದು ಪ್ರಸ್ತಾವಕನ ಅರಿವಿಗೆ ಬಂದಾಗ ಸಂವಹನ ಪೂರ್ಣವಾಗುತ್ತದೆ.

ಕಡ್ಡಾಯ ಮತ್ತು ಐಚ್ಛಿಕ ವಿಷಯಗಳ ವಿಂಗಡಣೆ ಭಾರತದ ಎಲ್‌ಎಲ್.ಬಿ. ವ್ಯಾಸಂಗದಲ್ಲಿಯೂ ಇದೆ. ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳು ಐಚ್ಛಿಕ ವಿಷಯಗಳನ್ನು ಸಂವಿಧಾನ ಕಾನೂನು, ವ್ಯವಹಾರ ಕಾನೂನು, ಅಂತರರಾಷ್ಟ್ರೀಯ ವ್ಯಾಪಾರ ಕಾನೂನು, ಅಪರಾಧ ಮತ್ತು ಅಪರಾಧಶಾಸ್ತ್ರ, ಅಂತರರಾಷ್ಟ್ರೀಯ ಕಾನೂನು, ಕಾನೂನು ಮತ್ತು ಕೃಷಿ, ಬೌದ್ಧಿಕ ಆಸ್ತಿ ಎಂಬ ಗುಂಪುಗಳಲ್ಲಿ ಜೋಡಿಸಿವೆ. ಹಾರ್ವರ್ಡ್‌ನ ಪಟ್ಟಿಗಿಂತ ಭಿನ್ನವಾಗಿ, ಇಲ್ಲಿ ಸಂವಿಧಾನ ಕಾನೂನು ಮತ್ತು ಆಡಳಿತ ಕಾನೂನು ಕಡ್ಡಾಯ ವಿಷಯಗಳ ಸಾಲಿನಲ್ಲಿವೆ. ಕರಡು ರಚನೆ, ಪರ್ಯಾಯ ವ್ಯಾಜ್ಯ ಪರಿಹಾರ, ವೃತ್ತಿನೀತಿ ಮತ್ತು ಅಣಕು ನ್ಯಾಯಾಲಯಗಳನ್ನು ಒಳಗೊಂಡ ನಾಲ್ಕು ಪ್ರಾಯೋಗಿಕ ಪತ್ರಿಕೆಗಳೂ ಕಡ್ಡಾಯವಾಗಿವೆ. 1988ರಲ್ಲಿ ತರಗತಿಗಳನ್ನು ಆರಂಭಿಸಿದ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯು ಐದು ವರ್ಷಗಳ ವ್ಯಾಸಂಗದಲ್ಲಿ ಕಾನೂನಿನೊಂದಿಗೆ ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರ ಮತ್ತು ರಾಜ್ಯಶಾಸ್ತ್ರಗಳನ್ನೂ ಬೋಧಿಸುತ್ತದೆ.