ಐದೋ ಒಂಬತ್ತೋ? ಡ್ವೊರ್ಝಾಕನ ಲೆಕ್ಕಕ್ಕೆ ಸಿಗದ ನಾಲ್ಕು ಸಿಂಫನಿಗಳು

ಹಳೇ ಗ್ರಾಮಫೋನ್ ರೆಕಾರ್ಡುಗಳನ್ನು ಕೂಡಿಡೋ ಹುಚ್ಚು ಇರೋರಿಗೆ ಈ ತಮಾಷೆ ಚೆನ್ನಾಗಿ ಗೊತ್ತು. 1950ರ ಸುಮಾರಿನ ಎಲ್‌ಪಿ ಒಂದರ ಕವರ್ ನೋಡಿದ್ರೆ ಡ್ವೊರ್ಝಾಕನ 'ಹೊಸ ಜಗತ್ತಿನಿಂದ' ಸಿಂಫನಿಗೆ ನಂಬರ್ 5 ಅಂತ ಇರುತ್ತೆ. ಇಪ್ಪತ್ತು ವರ್ಷ ಆದ್ಮೇಲೆ ಬಂದ ರೆಕಾರ್ಡಿನಲ್ಲಿ ಅದೇ ಹೆಸರು, ಅದೇ ಸಂಗೀತ, ಆದ್ರೆ ನಂಬರ್ 9! ಹಳೇ ಕವರಿನ ನಂಬರ್ 4 ಅಂದ್ರೆ ಇವತ್ತಿನ 8. ಹಳೇ 2 ಅಂದ್ರೆ ಇವತ್ತಿನ 7. ಹಳೇ 1 ಅಂದ್ರೆ ಇವತ್ತಿನ 6. ಲೆಕ್ಕ ಗೊತ್ತಿಲ್ಲದೆ ಕೊಂಡ್ರೆ ಒಂದೇ ಕೃತಿ ಎರಡು ಸಲ ಮನೆಗೆ ಬರೋದು ಗ್ಯಾರಂಟಿ.

ಇದು ಪ್ರಿಂಟಿಂಗ್ ಮಿಸ್ಟೇಕ್ ಅಲ್ಲ. ಒಬ್ಬ ಮನುಷ್ಯನ ಜೀವನದ ಮೊದಲ ಹತ್ತು ವರ್ಷದ ದುಡಿಮೆ ಜಗತ್ತಿನ ಲೆಕ್ಕದಲ್ಲಿ ಇರಲೇ ಇಲ್ಲ, ಆಮೇಲೆ ಸೇರಿತು. ಆ ಮನುಷ್ಯನ ಕತೆ ಇದು.

ಆಂಟೊನಿನ್ ಡ್ವೊರ್ಝಾಕ್ ಹುಟ್ಟಿದ್ದು 1841ರ ಸೆಪ್ಟೆಂಬರ್ 8ರಂದು, ಪ್ರಾಗ್ ನಗರದ ಉತ್ತರಕ್ಕೆ ವಲ್ಟಾವಾ ನದಿಯ ದಡದಲ್ಲಿರುವ ನೆಲಾಹೊಝೆವೆಸ್ ಎಂಬ ಹಳ್ಳಿಯಲ್ಲಿ. ಆಗ ಆ ಬೊಹೀಮಿಯಾ ಪ್ರಾಂತ್ಯ ಆಸ್ಟ್ರಿಯಾ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು. ಅಪ್ಪನದ್ದು ಮಾಂಸದ ಅಂಗಡಿ ಮತ್ತು ಒಂದು ಸಣ್ಣ ಛತ್ರದಂಥ ಹೋಟೆಲು. ಅಪ್ಪನಿಗೆ ಝಿತರ್ ಎಂಬ ತಂತಿವಾದ್ಯ ನುಡಿಸೋಕೆ ಬರ್ತಿತ್ತು. ಹಿರಿಮಗ ಅಂದಮೇಲೆ ಅಂಗಡಿ ನೋಡಿಕೊಳ್ತಾನೆ ಅನ್ನೋದು ಮನೆಯವರ ಎಣಿಕೆ.

ಹುಡುಗ ಇನ್ನೂ ಚಿಕ್ಕವನಿದ್ದಾಗಲೇ ಆ ಹಳ್ಳಿಯ ಪಕ್ಕದಲ್ಲಿ ಪ್ರಾಗ್‌ನಿಂದ ಡ್ರೆಸ್ಡೆನ್ ಕಡೆಗೆ ರೈಲು ಹಳಿ ಹಾಕಿದರು. ಕಣ್ಣೆದುರೇ ಸುರಂಗ ಕೊರೆದದ್ದು, ಉಗಿಬಂಡಿ ಬಂದದ್ದು ನೋಡಿದ ಆ ಹುಡುಗನಿಗೆ ಹಿಡಿದ ರೈಲಿನ ಹುಚ್ಚು ಸಾಯೋವರೆಗೂ ಬಿಡಲಿಲ್ಲ. ಮುಂದೆ ದೊಡ್ಡ ಹೆಸರು ಮಾಡಿದ ಮೇಲೂ ಪ್ರಾಗ್‌ನ ಫ್ರಾನ್ಸ್ ಜೋಸೆಫ್ ಸ್ಟೇಷನ್ನಿಗೆ ಹೋಗಿ ಎಂಜಿನ್ ನಂಬರ್ ಬರೆದುಕೊಳ್ಳುತ್ತಿದ್ದ, ಡ್ರೈವರುಗಳ ಜೊತೆ ಮಾತಿಗೆ ನಿಲ್ಲುತ್ತಿದ್ದ, ಟೈಮ್‌ಟೇಬಲ್ ಬಾಯಿಪಾಠ. ತನಗೆ ಪುರುಸೊತ್ತಿಲ್ಲದಾಗ ಶಿಷ್ಯರನ್ನು ಅಟ್ಟುತ್ತಿದ್ದ. ಮುಂದೆ ಅಳಿಯನಾದ ಜೋಸೆಫ್ ಸುಕ್ ಒಮ್ಮೆ ಹೀಗೆ ಹೋಗಿ ಎಂಜಿನ್ನಿನ ನಂಬರ್ ಬದಲು ಹಿಂದಿನ ಕಲ್ಲಿದ್ದಲ ಬೋಗಿಯ ನಂಬರ್ ಬರೆದುಕೊಂಡು ಬಂದನಂತೆ. ಇಂಥವನನ್ನಾ ಮದುವೆ ಆಗ್ತಿರೋದು ಅಂತ ಮಾವ ಮಗಳನ್ನು ಕೇಳಿದ ಅನ್ನೋ ಕತೆ ಬಹಳ ಪ್ರಸಿದ್ಧ. ನಮ್ಮ ಮೆಕ್ಯಾನಿಕಲ್ ಬ್ರಾಂಚಿನವರಿಗೆ ಮಾವನ ಸಂಕಟ ಅರ್ಥ ಆಗಬಹುದು!

ಇರಲಿ, ಸಂಗೀತಕ್ಕೆ ಬರೋಣ. ಊರಿನ ಸ್ಕೂಲ್ ಮೇಷ್ಟ್ರ ಹತ್ತಿರ ಪಿಟೀಲು ಕಲಿತ. ಜರ್ಮನ್ ಭಾಷೆ ಕಲಿಯಲಿ ಅಂತ ಝ್ಲೊನಿಟ್ಸೆ ಎಂಬ ಪಕ್ಕದ ಊರಿಗೆ ಕಳಿಸಿದರೆ, ಅಲ್ಲಿ ಲೀಹ್‌ಮನ್ ಎಂಬ ಮೇಷ್ಟ್ರು ಜರ್ಮನ್ ಜೊತೆಗೆ ಆರ್ಗನ್, ಪಿಯಾನೋ, ಸಂಗೀತಶಾಸ್ತ್ರ ಎಲ್ಲ ತುಂಬಿಸಿ ಕಳಿಸಿದ. 1857ರಲ್ಲಿ, ಹದಿನಾರು ವರ್ಷಕ್ಕೆ, ಪ್ರಾಗ್‌ನ ಆರ್ಗನ್ ಶಾಲೆ. ಎರಡು ವರ್ಷದ ಕೋರ್ಸ್ ಮುಗಿಸಿ ಹೊರಗೆ ಬಂದಾಗ ಕೈಯಲ್ಲಿ ಸರ್ಟಿಫಿಕೇಟ್ ಇತ್ತು, ಕೆಲಸ ಇರಲಿಲ್ಲ. ಹೋಟೆಲುಗಳಲ್ಲಿ, ನೃತ್ಯಕೂಟಗಳಲ್ಲಿ ಬಾರಿಸುವ ಬ್ಯಾಂಡೊಂದಕ್ಕೆ ವಿಯೋಲಾ ವಾದಕನಾಗಿ ಸೇರಿಕೊಂಡ. ವಿಯೋಲಾ ಅಂದ್ರೆ ಪಿಟೀಲಿಗಿಂತ ಸ್ವಲ್ಪ ದೊಡ್ಡದು, ಸ್ವಲ್ಪ ತಗ್ಗಿದ ದನಿ. ವಾದ್ಯವೃಂದದಲ್ಲಿ ಅದರ ಕಡೆ ಯಾರೂ ಹೆಚ್ಚು ಗಮನ ಕೊಡಲ್ಲ. 1862ರಲ್ಲಿ ಪ್ರಾಗ್‌ನ ಚೆಕ್ ರಂಗಮಂದಿರಕ್ಕೆ ವಾದ್ಯವೃಂದ ಬೇಕಾದಾಗ ಇದೇ ಬ್ಯಾಂಡಿನವರು ಅದರ ತಿರುಳಾದರು. ಅಲ್ಲಿ 1871ರವರೆಗೆ ಡ್ವೊರ್ಝಾಕ್ ವಿಯೋಲಾ ನುಡಿಸಿದ. ವ್ಯಾಗ್ನರ್ ಬಂದು ಕಛೇರಿ ನಡೆಸಿದಾಗಲೂ, ಸ್ಮೆಟಾನಾನ ಒಪೆರಾ ಮೊದಲ ಸಲ ಆಡಿದಾಗಲೂ ಇವನು ಆ ವಿಯೋಲಾ ಸಾಲಿನಲ್ಲಿದ್ದ.

ಇದು ಹೊರಗಿನವರಿಗೆ ಕಂಡದ್ದು. ಅವನು ರೂಮಿನಲ್ಲಿ ಏನು ಮಾಡ್ತಿದ್ದ ಅನ್ನೋದು ಯಾರಿಗೂ ಗೊತ್ತಿರಲಿಲ್ಲ. ಸಂಬಳ ಕಡಿಮೆ, ಸ್ವಂತ ಪಿಯಾನೋ ಇಲ್ಲ, ಗೆಳೆಯರ ಜೊತೆ ಹಂಚಿಕೊಂಡ ಬಾಡಿಗೆ ಕೋಣೆ. ಆ ಸ್ಥಿತಿಯಲ್ಲಿ 1865ರ ಒಂದೇ ವರ್ಷದಲ್ಲಿ ಎರಡು ಪೂರ್ತಿ ಸಿಂಫನಿ ಬರೆದ. ಸಿಂಫನಿ ಅಂದ್ರೆ ಇಡೀ ವಾದ್ಯವೃಂದಕ್ಕಾಗಿ, ಸಾಮಾನ್ಯವಾಗಿ ನಾಲ್ಕು ಭಾಗಗಳಲ್ಲಿ ಬರೆಯುವ ದೊಡ್ಡ ಕೃತಿ. ಪ್ರತಿಯೊಂದು ವಾದ್ಯದ ಸಾಲನ್ನೂ ಬೇರೆ ಬೇರೆ ಬರೀಬೇಕು, ಎಲ್ಲವೂ ಒಟ್ಟಿಗೆ ಕೂಡಬೇಕು. ಮೊದಲನೆಯದನ್ನು ಬರೆದಾಗ ಅವನ ವಯಸ್ಸು 23. ನಮ್ಮ ಫೈನಲ್ ಇಯರ್‌ನವರಿಗಿಂತ ಒಂದೆರಡು ವರ್ಷ ದೊಡ್ಡವನು, ಅಷ್ಟೇ.

ಆ ಮೊದಲ ಸಿಂಫನಿಯನ್ನು ಜರ್ಮನಿಯ ಒಂದು ಸ್ಪರ್ಧೆಗೆ ಕಳಿಸಿದ. ಬಹುಮಾನ ಬರಲಿಲ್ಲ, ಹಸ್ತಪ್ರತಿಯೂ ವಾಪಸ್ ಬರಲಿಲ್ಲ. ಅದೊಂದೇ ಪ್ರತಿ. ಜೆರಾಕ್ಸ್ ಇಲ್ಲ, ಬ್ಯಾಕಪ್ ಇಲ್ಲ. ಎರಡನೆಯದಕ್ಕೆ ಬೈಂಡಿಂಗ್ ಮಾಡಿಸೋಕೂ ಕಾಸಿರಲಿಲ್ಲ, ಗೆಳೆಯನೊಬ್ಬ ದುಡ್ಡು ಕೊಟ್ಟು ಮಾಡಿಸಿ, ಇವನ ಕೈಗೆ ಕೊಟ್ರೆ ಸುಟ್ಟುಹಾಕ್ತಾನೆ ಅಂತ ತನ್ನ ಹತ್ತಿರವೇ ಇಟ್ಟುಕೊಂಡ ಅಂತ ಹೇಳ್ತಾರೆ. ಆ ಭಯ ಸುಳ್ಳಾಗಿರಲಿಲ್ಲ. ತನಗೆ ಒಪ್ಪಿಗೆ ಆಗದ ಎಷ್ಟೋ ಹಳೇ ಬರಹಗಳನ್ನು ಡ್ವೊರ್ಝಾಕ್ ಮುಂದೆ ನಿಜವಾಗಿಯೂ ನಾಶ ಮಾಡಿದ.

ಇನ್ನೊಂದು ಘಟನೆ ಹೇಳಲೇಬೇಕು. 'ರಾಜ ಮತ್ತು ಇದ್ದಿಲು ಸುಡುವವ' ಎಂಬ ಒಪೆರಾ ಬರೆದು ರಂಗಮಂದಿರಕ್ಕೆ ಕೊಟ್ಟ. 1873ರಲ್ಲಿ ತಾಲೀಮು ಶುರುವಾಯ್ತು. ಆದ್ರೆ ಹಾಡೋಕೆ ವಿಪರೀತ ಕಷ್ಟ ಅಂತ ನಿಂತೇಹೋಯ್ತು. ಅವನು ತೇಪೆ ಹಾಕೋಕೆ ಹೋಗಲಿಲ್ಲ. ಅದೇ ಸಾಹಿತ್ಯ ಇಟ್ಟುಕೊಂಡು, ಹಳೇ ಸಂಗೀತವನ್ನು ಪೂರ್ತಿ ಪಕ್ಕಕ್ಕಿಟ್ಟು, ಹೊಸದಾಗಿ ಮೊದಲಿಂದ ಕೊನೆವರೆಗೆ ಬರೆದ. 1874ರ ನವೆಂಬರಿನಲ್ಲಿ ಅದು ರಂಗಕ್ಕೆ ಬಂತು. ಕೆಲಸ ಮಾಡದ ಕೋಡನ್ನು ಅಳಿಸಿ ಖಾಲಿ ಫೈಲಿನಿಂದ ಶುರು ಮಾಡೋಕೆ ಎಷ್ಟು ಧೈರ್ಯ ಬೇಕು ಅಂತ ನಮಗೆ ಗೊತ್ತಲ್ವಾ?

1873ರಲ್ಲಿ ಮೂರನೇ ಸಿಂಫನಿ, 1874ರಲ್ಲಿ ನಾಲ್ಕನೆಯದು. ಈ ಹೊತ್ತಿಗೆ ಮದುವೆಯಾಗಿತ್ತು. ಮೊದಲು ಪ್ರೀತಿಸಿದ್ದು ಯೊಸೆಫಿನಾ ಎಂಬ ನಟಿಯನ್ನು, ಅವಳು ಒಲಿಯಲಿಲ್ಲ. ಕೈ ಹಿಡಿದದ್ದು ಅವಳ ತಂಗಿ ಆನ್ನಾಳನ್ನು. ಸಂಸಾರ ನಡೆಯೋಕೆ ಚರ್ಚಿನಲ್ಲಿ ಆರ್ಗನ್ ನುಡಿಸುವ ಕೆಲಸ. ಆಗ ಬಡ ಕಲಾವಿದರಿಗೆ ವಿಯೆನ್ನಾ ಸರ್ಕಾರ ಕೊಡ್ತಿದ್ದ ಸ್ಕಾಲರ್‌ಶಿಪ್ಪಿಗೆ ಹದಿನೈದು ಕೃತಿಗಳ ಕಟ್ಟು ಕಳಿಸಿದ. 400 ಗುಲ್ಡನ್ ಸಿಕ್ಕಿತು. ತೀರ್ಪುಗಾರರ ಪೈಕಿ ಬ್ರಾಮ್ಸ್ ಕೂಡ ಬಂದು ಸೇರಿದ. ಇವನ ಬರಹ ಕಂಡು ಬೆರಗಾದ ಬ್ರಾಮ್ಸ್ 1877ರ ಕೊನೆಯಲ್ಲಿ ತನ್ನ ಪ್ರಕಾಶಕ ಸಿಮ್ರಾಕ್‌ಗೆ ಶಿಫಾರಸು ಮಾಡಿದ.

ಆದರೆ ಆ ಪತ್ರ ಹೋಗೋ ಮುಂಚಿನ ಎರಡು ವರ್ಷ ಮನೆಯೊಳಗೆ ಏನಾಯ್ತು ನೋಡಿ. 1875ರಲ್ಲಿ ಹುಟ್ಟಿದ ಹೆಣ್ಣುಮಗು ಎರಡೇ ದಿನಕ್ಕೆ ಹೋಯ್ತು. 1877ರ ಆಗಸ್ಟಿನಲ್ಲಿ ಇನ್ನೊಂದು ಹೆಣ್ಣುಮಗು ರಂಜಕದ ದ್ರಾವಣ ಕುಡಿದು ತೀರಿಕೊಂಡಿತು. ಕೆಲವೇ ವಾರಗಳಲ್ಲಿ, ಅಪ್ಪನ ಹುಟ್ಟುಹಬ್ಬದ ದಿನವೇ, ಮೂರು ವರ್ಷದ ಮಗ ಸಿಡುಬಿಗೆ ಬಲಿಯಾದ. ಮೂವರಲ್ಲಿ ಒಬ್ಬರೂ ಉಳಿಯಲಿಲ್ಲ. ಮೊದಲ ಸಾವಿನ ನಂತರ ಶುರು ಮಾಡಿ ಅರ್ಧಕ್ಕೆ ಬಿಟ್ಟಿದ್ದ 'ಸ್ಟಾಬಾತ್ ಮಾತೆರ್' ಕೃತಿಯನ್ನು ಆ ವರ್ಷದ ನವೆಂಬರಿನಲ್ಲಿ ಮುಗಿಸಿದ. ಶಿಲುಬೆಯ ಕೆಳಗೆ ನಿಂತ ತಾಯಿಯ ಅಳಲು ಅದರ ವಸ್ತು. ಹೆಚ್ಚು ಹೇಳೋದು ಬೇಡ.

ಸಿಮ್ರಾಕ್ ಕೇಳಿದಂತೆ 1878ರಲ್ಲಿ ಬರೆದ 'ಸ್ಲಾವ್ ಕುಣಿತಗಳು' ಅಚ್ಚಾದದ್ದೇ ತಡ, ಯೂರೋಪಿನ ಮನೆಮನೆಯ ಪಿಯಾನೋ ಮೇಲೆ ಅದೇ. ಹೆಸರು ಒಂದೇ ವರ್ಷದಲ್ಲಿ ಗಡಿ ದಾಟಿತು. ಲಾಭ ಹೆಚ್ಚಾಗಿ ಪ್ರಕಾಶಕನಿಗೆ ಹೋಯ್ತು ಅನ್ನೋದು ಬೇರೆ ಮಾತು. ಮುಂದೆ ಏಳನೇ ಸಿಂಫನಿಗೆ ಸಿಮ್ರಾಕ್ 3000 ಮಾರ್ಕ್ ಕೊಡ್ತೀನಿ ಅಂದಾಗ ಡ್ವೊರ್ಝಾಕ್ ಹಠ ಹಿಡಿದು 6000 ತಗೊಂಡ. ತನ್ನ ಹೆಸರನ್ನು ಜರ್ಮನ್ ರೀತಿಯಲ್ಲಿ ಆಂಟನ್ ಅಂತ ಅಚ್ಚು ಹಾಕಿದ್ದಕ್ಕೂ ಜಗಳ. ಎಂಟನೇ ಸಿಂಫನಿಗೆ ಬರೀ 1000 ಮಾರ್ಕ್ ಅಂದಾಗ ಸಿಟ್ಟಾಗಿ ಅದನ್ನು ಲಂಡನ್ನಿನ ಪ್ರಕಾಶಕರಿಗೆ ಕೊಟ್ಟೇಬಿಟ್ಟ.

ನಂಬರಿನ ಗೊಂದಲ ಶುರುವಾಗಿದ್ದು ಇಲ್ಲೇ. 1880ರಲ್ಲಿ ಬರೆದ ಆರನೆಯದು ಮೊದಲು ಅಚ್ಚಾಯ್ತು, ಅದಕ್ಕೆ ನಂಬರ್ 1. ಏಳನೆಯದಕ್ಕೆ ನಂಬರ್ 2. ಅಂದಹಾಗೆ, ಈ ಏಳರ ಮುಖ್ಯ ರಾಗ ಹೊಳೆದದ್ದು 1884ರಲ್ಲಿ ಪೆಸ್ಟ್‌ನಿಂದ ಬಂದ ರೈಲನ್ನು ಸ್ಟೇಷನ್ನಿನಲ್ಲಿ ನೋಡ್ತಾ ನಿಂತಿದ್ದಾಗ ಅಂತ ಹಸ್ತಪ್ರತಿಯಲ್ಲಿ ಅವನೇ ಗುರುತು ಹಾಕಿದ್ದಾನೆ. ಇವನ ಹಳೇ ಸರಕಿಗೂ ಬೇಡಿಕೆ ಇದೆ ಅಂತ ಕಂಡ ಸಿಮ್ರಾಕ್, 1875ರ ಐದನೇ ಸಿಂಫನಿಯನ್ನು 1888ರಲ್ಲಿ ನಂಬರ್ 3 ಅಂತ ತಂದ, ಹೊಸದರಂತೆ ಕಾಣಲಿ ಅಂತ ಕೃತಿಸಂಖ್ಯೆಯನ್ನೂ ಮೇಲಕ್ಕೇರಿಸಿದ. ಎಂಟನೆಯದು 4. ಒಂಬತ್ತನೆಯದು 5. ಮೊದಲ ನಾಲ್ಕು? ಅವು ಅವನು ಬದುಕಿರೋವರೆಗೂ ಅಚ್ಚಾಗಲೇ ಇಲ್ಲ.

ಆ ಒಂಬತ್ತನೆಯದು ಅಮೆರಿಕದ್ದು. 1892ರಲ್ಲಿ ನ್ಯೂಯಾರ್ಕಿನ ನ್ಯಾಷನಲ್ ಕನ್ಸರ್ವೇಟರಿ ವರ್ಷಕ್ಕೆ 15,000 ಡಾಲರ್ ಕೊಟ್ಟು ಕರೆಸಿತು. ಕರಿಯ ವಿದ್ಯಾರ್ಥಿಗಳಿಗೂ ಹೆಣ್ಣುಮಕ್ಕಳಿಗೂ ಬಾಗಿಲು ತೆರೆದಿದ್ದ ಶಾಲೆ ಅದು. ಅಲ್ಲಿ ಹ್ಯಾರಿ ಬರ್ಲಿ ಎಂಬ ವಿದ್ಯಾರ್ಥಿ, ಗುಲಾಮಗಿರಿಯ ದಿನಗಳಿಂದ ಬಂದ ಭಕ್ತಿಗೀತೆಗಳನ್ನು ಇವನಿಗೆ ಹಾಡಿ ತೋರಿಸುತ್ತಿದ್ದ. ಅಮೆರಿಕದ ಸಂಗೀತ ಈ ಹಾಡುಗಳಿಂದ ಬೆಳೀಬೇಕು ಅಂತ ಡ್ವೊರ್ಝಾಕ್ ಬಹಿರಂಗವಾಗಿ ಹೇಳಿದ, ಅನೇಕರಿಗೆ ಅದು ಹಿಡಿಸಲಿಲ್ಲ. 1893ರ ಡಿಸೆಂಬರ್ 16ರಂದು ಕಾರ್ನೆಗಿ ಹಾಲ್‌ನಲ್ಲಿ 'ಹೊಸ ಜಗತ್ತಿನಿಂದ' ಮೊದಲ ಪ್ರದರ್ಶನ ಕಂಡಿತು. ಊರಿನ ನೆನಪು ಮಾತ್ರ ಬಿಡಲಿಲ್ಲ. 1895ರಲ್ಲಿ ವಾಪಸ್ ಬಂದ. ಅದೇ ವರ್ಷ ಯೊಸೆಫಿನಾ ತೀರಿಕೊಂಡಾಗ, ಬರೆದು ಮುಗಿಸಿದ್ದ ಚೆಲ್ಲೋ ಕನ್ಚೆರ್ಟೋದ ಕೊನೆಯನ್ನು ಬದಲಾಯಿಸಿ, ಅವಳಿಗೆ ಇಷ್ಟವಾಗಿದ್ದ ತನ್ನದೇ ಹಾಡಿನ ನೆನಪನ್ನು ಅಲ್ಲಿ ಸೇರಿಸಿದ. 1904ರ ಮೇ 1ರಂದು ಪ್ರಾಗ್‌ನಲ್ಲಿ ಕಣ್ಣು ಮುಚ್ಚಿದ. ವಯಸ್ಸು 62.

ಕತೆ ಇಲ್ಲಿಗೆ ಮುಗಿಯಲಿಲ್ಲ. 1923ರಲ್ಲಿ ರುಡಾಲ್ಫ್ ಡ್ವೊರ್ಝಾಕ್ ಎಂಬ ಪ್ರೊಫೆಸರ್ ತೀರಿಕೊಂಡ ಮೇಲೆ ಅವನ ಸ್ವತ್ತಿನಲ್ಲಿ ಒಂದು ಹಸ್ತಪ್ರತಿ ಬೆಳಕಿಗೆ ಬಂತು. ಅಡ್ಡಹೆಸರು ಒಂದೇ, ಸಂಬಂಧಿ ಅಲ್ಲ. 1882ರಲ್ಲಿ ಲೈಪ್‌ಝಿಗ್‌ನ ಹಳೇ ಪುಸ್ತಕದ ಅಂಗಡಿಯಲ್ಲಿ ಅದನ್ನು ಕೊಂಡಿದ್ದನಂತೆ. ಅದು ಸ್ಪರ್ಧೆಗೆ ಹೋಗಿ ವಾಪಸ್ ಬಾರದಿದ್ದ ಮೊದಲ ಸಿಂಫನಿ! ಬರೆದವನು ಕಳೆದೇಹೋಯ್ತು ಅಂದುಕೊಂಡೇ ಸತ್ತಿದ್ದ. 1936ರಲ್ಲಿ ಬ್ರನೊ ನಗರದಲ್ಲಿ ಅದು ಮೊದಲ ಸಲ ನುಡಿಯಿತು, ಬರೆದ 71 ವರ್ಷಗಳ ನಂತರ.

ಆದ್ರೂ ಕೇಳೋದು ಹೇಗೆ? ಆ ಕಾಲದ 78 ವೇಗದ ತಟ್ಟೆಯ ಒಂದು ಮಗ್ಗುಲಲ್ಲಿ ನಾಲ್ಕೈದು ನಿಮಿಷ ಮಾತ್ರ ಹಿಡಿಯುತ್ತಿತ್ತು. ಮುಕ್ಕಾಲು ಗಂಟೆಯ ಸಿಂಫನಿ ಅಂದ್ರೆ ಐದು ಭಾರದ ತಟ್ಟೆಗಳು, ರಾಗದ ನಡುವೆಯೇ ಎದ್ದು ಮಗುಚಬೇಕು. ಮಾರಾಟ ಆಗುತ್ತೆ ಅಂತ ಖಾತ್ರಿ ಇದ್ದದ್ದನ್ನೇ ಕಂಪನಿಗಳು ಮುದ್ರಿಸುತ್ತಿದ್ದವು. ಹಾಗೆ ಮುದ್ರಿಸಿದ್ದು ಕೂಡ ಚಿನ್ನವೇ ಅನ್ನಿ. 1935ರಲ್ಲಿ ತಾಲಿಖ್ ನಡೆಸಿದ 'ಸ್ಲಾವ್ ಕುಣಿತಗಳು', 1937ರಲ್ಲಿ ಪ್ರಾಗ್‌ನಲ್ಲಿ ಕಸಾಲ್ಸ್ ನುಡಿಸಿದ ಚೆಲ್ಲೋ ಕನ್ಚೆರ್ಟೋ, ಎರಡರಲ್ಲೂ ಚೆಕ್ ಫಿಲ್‌ಹಾರ್ಮೊನಿಕ್ ಇದೆ. ಇನ್ನೆರಡು ವರ್ಷದಲ್ಲಿ ಆ ನಗರಕ್ಕೆ ಹಿಟ್ಲರನ ಸೈನ್ಯ ನುಗ್ಗಲಿತ್ತು. ರೆಕಾರ್ಡಿನ ಕರಕರ ಸದ್ದಿನ ಹಿಂದೆ ಇವತ್ತಿಗೂ ಆ ದಿನಗಳು ಕೇಳುತ್ತವೆ.

1948ರಲ್ಲಿ ಎಲ್‌ಪಿ ಬಂತು, ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು. ಅತ್ತ ಪ್ರಾಗ್‌ನಲ್ಲಿ ವಿದ್ವಾಂಸರು ಡ್ವೊರ್ಝಾಕನ ಸಮಗ್ರ ಕೃತಿಗಳನ್ನು ಅಚ್ಚು ಮಾಡತೊಡಗಿದರು. ಕಳೆದು ಸಿಕ್ಕ ಮೊದಲ ಸಿಂಫನಿ 1961ರಲ್ಲಿ ಅಚ್ಚಾಯ್ತು. ಬರೆದ ಕ್ರಮದಲ್ಲಿ 1ರಿಂದ 9ರವರೆಗೆ ಹೊಸ ನಂಬರು ನಿಂತಿತು. ಹಂಗೇರಿಯ ಇಶ್ತ್ವಾನ್ ಕೆರ್ತೇಶ್ 1963ರಿಂದ 1966ರ ನಡುವೆ ಲಂಡನ್ ಸಿಂಫನಿ ವಾದ್ಯವೃಂದದ ಜೊತೆ ಒಂಬತ್ತನ್ನೂ ಡೆಕ್ಕಾ ಕಂಪನಿಗೆ ಮುದ್ರಿಸಿದ. ಸಂಗ್ರಹಕಾರರು ಇವತ್ತಿಗೂ ಹುಡುಕಿ ಇಟ್ಟುಕೊಳ್ಳುವ ಸೆಟ್ ಅದು. ಅಲ್ಲಿಂದ ಮುಂದೆ ಕುಬೆಲಿಕ್, ನೊಯ್‌ಮನ್ ಎಲ್ಲರೂ ಒಂಬತ್ತನ್ನೂ ಮುದ್ರಿಸಿದರು. ಬರೀ ಐದು ಮಾಡಿದ್ರೆ ಈಗ ಅದು ಪೂರ್ತಿ ಸೆಟ್ ಅನ್ನಿಸಿಕೊಳ್ಳಲ್ಲ.

ನಿಮಗೆ ರೆಕಾರ್ಡ್ ಹುಡುಕಿ ಅಲೆಯೋ ಕಷ್ಟ ಇಲ್ಲ, ಎಲ್ಲ ಫೋನಿನಲ್ಲೇ ಸಿಗುತ್ತೆ. ಒಂಬತ್ತರ ಎರಡನೇ ಭಾಗದಿಂದ ಶುರು ಮಾಡಿ, ನಿಧಾನವಾದ ಒಂದು ಊದುವಾದ್ಯದ ರಾಗ, ಯಾರಿಗಾದ್ರೂ ಹಿಡಿಸುತ್ತೆ. ಆಮೇಲೆ ಸ್ಟೇಷನ್ನಿನಲ್ಲಿ ಹೊಳೆದ ಏಳು. ಅದಾದ ಮೇಲೆ ಒಂದು ರಾತ್ರಿ ಬಿಡುವು ಮಾಡಿಕೊಂಡು ಕೆರ್ತೇಶ್‌ನ ಒಂದನ್ನು ಹಾಕಿ. ಉದ್ದ ಇದೆ, ಅಲ್ಲಲ್ಲಿ ಎಳೆದಂತೆ ಅನ್ಸುತ್ತೆ, ಯಾವುದನ್ನು ಎಲ್ಲಿ ನಿಲ್ಲಿಸಬೇಕು ಅಂತ ಹುಡುಗನಿಗೆ ಇನ್ನೂ ಗೊತ್ತಿಲ್ಲ. ಆದ್ರೆ ಏಳನ್ನೂ ಒಂಬತ್ತನ್ನೂ ಬರೆದ ಕೈ ಅಲ್ಲೇ ಪಳಗ್ತಾ ಇರೋದು ಸ್ಪಷ್ಟವಾಗಿ ಕೇಳುತ್ತೆ. ಅದನ್ನು ಕೇಳೋ ಭಾಗ್ಯ ಬರೆದವನಿಗೆ ಸಿಗಲಿಲ್ಲ. ನಮಗೆ ಸಿಕ್ಕಿದೆ.